ರಸ್ತೆ ಕೈಬಿಡುವ ಅರ್ಜಿ: ಓಣಿಯವರಿಗೆ ಮೊದಲು ವಿಷಯ ತಿಳಿಸಿ

ಮಾನ್ಯ ಸಂಪಾದಕರೇ,

ಬಳ್ಳಾರಿ ಕೋಟೆ ಗುಡ್ಡದ ಕೆಳಗಿನ ಹಳೆಯ ಓಣಿಗಳಲ್ಲಿ ಒಂದಾದ ನಮ್ಮ ಓಣಿಯ ವಿದ್ಯುತ್ ಕಂಬಕ್ಕೆ ಈಚೆಗೆ ಒಂದು ಹಾಳೆ ಅಂಟಿಸಲಾಗಿದೆ. ಅದರಲ್ಲಿ ಒಂದು ಟಿ.ಎಸ್. (ಟೌನ್ ಸರ್ವೆ) ನಂಬರು, ವಾರ್ಡು, ಬ್ಲಾಕು, ಅದರ ಕೆಳಗೆ ಒಂದೇ ಒಂದು ವಾಕ್ಯ. ಸದರಿ ರಸ್ತೆಯನ್ನು ಸಾರ್ವಜನಿಕ ಬಳಕೆಯಿಂದ ಕೈಬಿಡುವಂತೆ ಕೋರಿ ಅರ್ಜಿ ಬಂದಿದ್ದು, ಆಕ್ಷೇಪಣೆಗಳಿದ್ದಲ್ಲಿ 30 ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂಬುದು ಅದರ ಒಕ್ಕಣೆ. ಯಾವ ರಸ್ತೆ, ಎಲ್ಲಿಂದ ಎಲ್ಲಿಯವರೆಗೆ, ಯಾರು ಕೇಳಿದ್ದಾರೆ, ಯಾತಕ್ಕೆ ಕೇಳಿದ್ದಾರೆ ಎಂಬುದೊಂದೂ ಅದರಲ್ಲಿಲ್ಲ. ನಕ್ಷೆಯೂ ಇಲ್ಲ.

ಓದಿದವರೆಲ್ಲರೂ ಒಂದೊಂದು ಅರ್ಥ ಮಾಡಿಕೊಂಡರು. ಸಿ.ಸಿ. ರಸ್ತೆ ಹಾಕುವುದಕ್ಕಾಗಿ ಕೆಲ ದಿನ ದಾರಿ ಬಂದ್ ಮಾಡುತ್ತಾರೆಂದು ಕೆಲವರು ಸಂತೋಷಪಟ್ಟರು. ಮೂಲೆಮನೆಯ ಹೆಣ್ಣುಮಗಳು ಮಾತ್ರ ರಾತ್ರಿ ಎಂಟಕ್ಕೆ ನಮ್ಮ ಬಾಗಿಲಿಗೆ ಬಂದು, "ಟೀಚರಮ್ಮಾ, ನಮ್ಮ ಮನಿ ಕೆಡವ್ತಾರೇನ್ರೀ?" ಎಂದು ಕೇಳಿದಾಗ ಆಕೆಯ ಕೈ ನಡುಗುತ್ತಿತ್ತು. ಕೊನೆಗೆ ನಮ್ಮ ಮಾವನವರ ಕಾಲದ ಕ್ರಯಪತ್ರವನ್ನು ಟ್ರಂಕಿನಿಂದ ತೆಗೆದು, ಅದರ ಚೆಕ್ಕುಬಂದಿಯಲ್ಲಿ "ಪೂರ್ವಕ್ಕೆ ಸರ್ಕಾರಿ ರಸ್ತೆ" ಎಂದಿದ್ದ ಸಾಲನ್ನೂ ನೆರೆಮನೆಯವರ ಪತ್ರಗಳಲ್ಲಿದ್ದ ನಂಬರುಗಳನ್ನೂ ಹೊಂದಿಸಿ ನೋಡಿದ ಮೇಲೆಯೇ, ಕೈಬಿಡಬೇಕೆಂದು ಕೇಳಿರುವುದು ನಾವು ದಿನವೂ ತಿರುಗಾಡುವ ಹುಣಸೆಮರದ ಸಂದಿಯನ್ನು ಎಂಬುದು ಗೊತ್ತಾಯಿತು. ಜನ ಒಂದು ದಾರಿಯನ್ನು ಹೆಸರಿನಿಂದ ಗುರುತಿಸುತ್ತಾರೆಯೇ ಹೊರತು ಸರ್ವೆ ನಂಬರಿನಿಂದಲ್ಲ. ನಂಬರಿನ ಪಕ್ಕದಲ್ಲಿ ಆ ಹೆಸರನ್ನೂ ಬರೆದಿದ್ದರೆ ಇಷ್ಟು ಗಾಬರಿಯಾಗುತ್ತಿರಲಿಲ್ಲ.

ಸಂದಿಯ ಎರಡೂ ಬದಿಯ ನಿವೇಶನಗಳು ಈಗ ಒಬ್ಬರೇ ಮಾಲೀಕರ ಕೈಗೆ ಬಂದಿವೆ. ಸಂದಿಯೂ ಸೇರಿದರೆ ಅವರಿಗೆ ಒಂದೇ ದೊಡ್ಡ ನಿವೇಶನವಾಗುತ್ತದೆ. ಅರ್ಜಿ ಹಾಕುವುದು ಅವರ ಹಕ್ಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಇದು ಬಳಕೆಯಲ್ಲಿಲ್ಲದ ದಾರಿ, ರಸ್ತೆಯೇ ಅಲ್ಲ, ಬರೀ ಸಂದಿ ಎಂದು ಅವರ ಕಡೆಯವರು ಹೇಳುತ್ತಿರುವುದನ್ನು ಒಪ್ಪಲಾಗದು. ನಲ್ಲಿ ನೀರು ಬಿಡುವ ದಿನ ಬೆಳಗಿನ ಜಾವ ಒಮ್ಮೆ ಬಂದು ನಿಂತು ನೋಡಬೇಕು. ಹಿಂದಿನ ಓಣಿಯ ಮನೆಗಳಿಗೆ ನೀರಿನ ಒತ್ತಡ ಸಾಲದ ಕಾರಣ ಅಲ್ಲಿನ ಹೆಂಗಸರು ಪ್ಲಾಸ್ಟಿಕ್ ಕೊಡಗಳನ್ನು ತಂದು, ಇದೇ ಸಂದಿಯಿಂದ ನಮ್ಮ ಓಣಿಯ ನಲ್ಲಿಗೆ ಬರುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಜೀನ್ಸ್ ಪ್ಯಾಂಟಿನ ಕಟ್ಟುಗಳನ್ನು ಹೇರಿಕೊಂಡ ಟಿ.ವಿ.ಎಸ್. ಗಾಡಿಗಳು ಇಲ್ಲಿಂದಲೇ ಒಳಬಂದು, ಮನೆಯಲ್ಲೇ ಕುಳಿತು ಹೊಲಿಯುವ ಹೆಣ್ಣುಮಕ್ಕಳ ಬಾಗಿಲಿಗೆ ಕೆಲಸ ಮುಟ್ಟಿಸುತ್ತವೆ. ಸಂಜೆ ಹೊಲಿದ ಮಾಲು ಹೊರಗೆ ಹೋಗುವುದೂ ಈ ದಾರಿಯಲ್ಲಿಯೇ. ಸಂದಿ ಮುಚ್ಚಿದರೆ ಅವರೆಲ್ಲರೂ ಮುಖ್ಯ ರಸ್ತೆಗೆ ಹೋಗಿ, ಲಾರಿ ಬಸ್ಸುಗಳ ನಡುವೆ ಸುತ್ತುಹಾಕಿ ಬರಬೇಕು.

ನೆಲದ ಕೆಳಗಿನ ಸಂಗತಿ ಇನ್ನೂ ಮುಖ್ಯವಾದದ್ದು. ಈ ಸಂದಿಯಲ್ಲಿ ಒಳಚರಂಡಿಯ ಮೂರು ಮ್ಯಾನ್‌ಹೋಲ್‌ಗಳಿವೆ. ಅದರ ಒಂದು ಅಂಚಿಗೆ ಕಲ್ಲುಚಪ್ಪಡಿ ಹಾಸಿದ ಹಳೆಯ ಗಟಾರವಿದೆ. ಜೋರು ಮಳೆ ಬಂದಾಗ ಗುಡ್ಡದ ಕಡೆಯಿಂದ ಕೆಂಪಗೆ ಹರಿದು ಬರುವ ನೀರು ಈ ಗಟಾರದಲ್ಲಿ ಇಳಿದು ಹೋಗುವುದರಿಂದಲೇ ನಮ್ಮ ಹೊಸ್ತಿಲುಗಳು ಉಳಿದಿವೆ. ಇದರ ಮೇಲೆ ಕಟ್ಟಡ ಎದ್ದರೆ, ನಾಳೆ ಕೊಳವೆ ಕಟ್ಟಿಕೊಂಡಾಗ ಅದನ್ನು ತೆರವು ಮಾಡುವ ಜೆಟ್ಟಿಂಗ್ ಗಾಡಿ ಎಲ್ಲಿ ನಿಲ್ಲಬೇಕು, ಮಳೆನೀರು ಯಾವ ದಿಕ್ಕಿಗೆ ತಿರುಗಬೇಕು ಎಂಬುದಕ್ಕೆ ಆ ಹಾಳೆಯಲ್ಲಿ ಉತ್ತರವಿಲ್ಲ.

ಕಾನೂನಿನಲ್ಲೂ ಸಂದಿಗೂ ರಸ್ತೆಗೂ ಅರ್ಜಿದಾರರ ಕಡೆಯವರು ಹೇಳುವಂತಹ ಅಂತರವಿಲ್ಲ. 1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮವು ಸಾರ್ವಜನಿಕರಿಗೆ ನಡೆದಾಡುವ ಹಕ್ಕಿರುವ ಓಣಿ, ಸಂದಿ, ಹಾದಿಗಳೆಲ್ಲವನ್ನೂ ಸಾರ್ವಜನಿಕ ಬೀದಿ ಎಂದೇ ಕರೆಯುತ್ತದೆ, ಅದಕ್ಕೆ ಹೊಂದಿಕೊಂಡ ಚರಂಡಿಯನ್ನೂ ಅದರಲ್ಲಿ ಸೇರಿಸುತ್ತದೆ. ರಿಪೇರಿಗಾಗಿ ಕೆಲ ದಿನ ದಾರಿ ಮುಚ್ಚುವುದು ಬೇರೆ, ಶಾಶ್ವತವಾಗಿ ಮುಚ್ಚುವುದು ಬೇರೆ. ಎರಡನೆಯದಕ್ಕೆ ಸರ್ಕಾರದ ವಿಶೇಷ ಮಂಜೂರಾತಿ ಬೇಕು, ಮುಚ್ಚಿದ್ದರಿಂದ ನಷ್ಟಕ್ಕೊಳಗಾದವರಿಗೆ ಪರಿಹಾರವನ್ನೂ ಕೊಡಬೇಕು. ಓಣಿಯವರಲ್ಲಿ ಹೆಚ್ಚಿನವರಿಗೆ ಈ ವ್ಯತ್ಯಾಸವೇ ತಿಳಿಯದಂತೆ ಪ್ರಕಟಣೆಯನ್ನು ಬರೆದಿರುವುದು ನನಗೆ ಬಹಳ ನೋವು ತಂದಿದೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಎರಡು ಸಲ ಓದಿದರೂ ಆ ವಾಕ್ಯ ನನಗೇ ತಿಳಿಯಲಿಲ್ಲ.

ಅರ್ಜಿಯ ಪ್ರತಿ ಕೇಳಲು ಪಾಲಿಕೆಗೆ ಹೋದಾಗ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಎಂಬ ಉತ್ತರ ಬಂತು. ಹತ್ತು ರೂಪಾಯಿ ಶುಲ್ಕ ಕಟ್ಟಿ ಹಾಕಿದ್ದೂ ಆಯಿತು. ಆದರೆ ಆ ಕಾಯ್ದೆಯಂತೆ ಉತ್ತರ ಕೊಡಲು 30 ದಿನಗಳ ಅವಕಾಶವಿದೆ, ಇತ್ತ ಆಕ್ಷೇಪಣೆ ಸಲ್ಲಿಸಲು ಇರುವುದೂ 30 ದಿನ, ಅದರಲ್ಲಿ ಹಾಳೆ ಕಂಬಕ್ಕೆ ಬರುವ ಮೊದಲೇ ಕೆಲವು ದಿನ ಕಳೆದಿದ್ದವು. ಏನು ಕೇಳಿದ್ದಾರೆಂದು ತಿಳಿಯುವ ಹೊತ್ತಿಗೆ ಬೇಡವೆನ್ನುವ ಗಡುವು ಮುಗಿದಿರುತ್ತದೆ. ಜನರ ಮೇಲೆ ಪರಿಣಾಮ ಬೀರುವ ನಿರ್ಧಾರಗಳನ್ನು ಪ್ರಕಟಿಸುವಾಗ ಸಂಬಂಧಪಟ್ಟ ಸಂಗತಿಗಳೆಲ್ಲವನ್ನೂ ಯಾರೂ ಕೇಳದೆಯೇ ಬಹಿರಂಗಪಡಿಸಬೇಕೆಂದು 2005ರ ಅದೇ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದಲ್ಲವೇ?

ಸಂದಿಯಲ್ಲಿ ತೊಂದರೆ ಇಲ್ಲವೆಂದು ನಾನು ಹೇಳುವುದಿಲ್ಲ. ರಾತ್ರಿ ಅಲ್ಲಿ ಕುಡುಕರು ಕೂರುತ್ತಾರೆ, ಕಸ ಬೀಳುತ್ತದೆ, ದೀಪ ಕೆಟ್ಟು ತಿಂಗಳುಗಳಾಗಿವೆ. ಅದಕ್ಕೆ ಬೇಕಿರುವುದು ಒಂದು ದೀಪ, ದಿನಕ್ಕೊಮ್ಮೆ ಪೊರಕೆ, ಪೊಲೀಸರ ಒಂದು ಸುತ್ತು.

ಆದ್ದರಿಂದ ಸಂಬಂಧಪಟ್ಟವರಲ್ಲಿ ನಮ್ಮ ವಿನಂತಿ ಇಷ್ಟು. ಈಗಿನ ಪ್ರಕಟಣೆಯನ್ನು ಹಿಂಪಡೆದು, ಸಂದಿಯ ಹೆಸರು, ಉದ್ದಗಲ, ನಕ್ಷೆ ಮತ್ತು ಅರ್ಜಿಯ ಕಾರಣಗಳೊಂದಿಗೆ ತಿಳಿಗನ್ನಡದಲ್ಲಿ ಮತ್ತೆ ಹೊರಡಿಸಿ, ಆ ದಿನದಿಂದ ಗಡುವನ್ನು ಎಣಿಸಬೇಕು. ಹಿಂದಿನ ಓಣಿಯವರಿಗೂ ಅದು ಕಾಣುವಂತೆ ಸಂದಿಯ ಎರಡೂ ತುದಿಗೆ ಅಂಟಿಸಬೇಕು. ಒಳಚರಂಡಿ ಮತ್ತು ನೀರು ಸರಬರಾಜಿನ ಎಂಜಿನಿಯರರ ವರದಿ ಬರುವ ತನಕ ಕಡತ ಮುಂದೆ ಹೋಗಬಾರದು. ಸ್ಥಳ ತನಿಖೆಗೆ ಬರುವ ಅಧಿಕಾರಿಗಳು ದಯವಿಟ್ಟು ನೀರು ಬಿಡುವ ದಿನವೇ ಬರಲಿ. ಎಷ್ಟು ಹೊತ್ತಿಗೆ ಬರುತ್ತೀರೆಂದು ಒಂದು ದಿನ ಮೊದಲು ತಿಳಿಸಿದರೆ ಎರಡೂ ಓಣಿಯವರು ಅಲ್ಲಿರುತ್ತೇವೆ.

ಇಂತಿ,
ಓಣಿಯ ನಿವಾಸಿಗಳ ಪರವಾಗಿ,
ನಿವೃತ್ತ ಕನ್ನಡ ಶಿಕ್ಷಕಿ,
ಬಳ್ಳಾರಿ