ನೋಟ್ಸ್ ಅಂಧ ವಿದ್ಯಾರ್ಥಿಗಳಿಗೂ ಕೇಳಿಸಲಿ

ಮಾನ್ಯ ಸಂಪಾದಕರೇ,

ನಾನು ಇತಿಹಾಸ ಎಂ.ಎ. ವಿದ್ಯಾರ್ಥಿನಿ. ಹಾಸ್ಟೆಲ್‌ನಲ್ಲಿ ನನ್ನ ರೂಮಿನ ಗೆಳತಿಗೆ ಕಣ್ಣು ಕಾಣುವುದಿಲ್ಲ. ಉಚಿತವಾಗಿ ಸಿಗುವ ಎನ್‌ವಿಡಿಎ ತಂತ್ರಾಂಶ ಕಂಪ್ಯೂಟರ್ ಪರದೆಯ ಮೇಲಿನ ಬರಹವನ್ನು, ಕನ್ನಡದ್ದನ್ನೂ, ಅವಳಿಗೆ ಓದಿ ಹೇಳುತ್ತದೆ. ಆದರೆ ವಿಭಾಗದಿಂದ ವಾಟ್ಸ್‌ಆ್ಯಪ್‌ಗೆ ಬರುವ ನೋಟ್ಸ್ ಬಹುಪಾಲು ಪುಟಗಳ ಫೋಟೊ. ಅವುಗಳೆದುರು ತಂತ್ರಾಂಶ ಮೂಕ. ಇನ್ನು ಕೆಲವು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿರುತ್ತವೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳುತ್ತವೆ. ರಾತ್ರಿ ಹತ್ತರ ನಂತರ ನಾನು ಓದುತ್ತೇನೆ, ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ನನಗದು ಹೊರೆಯಲ್ಲ. ನಾನು ಊರಿಗೆ ಹೋದರೆ ಅವಳ ಓದೇ ನಿಲ್ಲುತ್ತದಲ್ಲ, ಅದೇ ಸಂಕಟ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಟ್ಟಿದೆ. ಸೀಟು ಕೊಟ್ಟ ಮೇಲೆ ಪಾಠವನ್ನೂ ಕೊಡಬೇಡವೇ? ಮುಂದಿನ ಸೆಮಿಸ್ಟರ್‌ನಿಂದಾದರೂ ಎಲ್ಲ ನೋಟ್ಸ್ ಯೂನಿಕೋಡ್‌ನಲ್ಲಿ ಸಿಗಲಿ.

– ಒಬ್ಬ ಎಂ.ಎ. ವಿದ್ಯಾರ್ಥಿನಿ