ಅಳಿಸಿದವರು ಅಲಕ್ಷ್ಯದಿಂದ ಅಳಿಸಲಿಲ್ಲ

ಮಾನ್ಯ ಸಂಪಾದಕರೇ,

ಅಂತರ್ಜಾಲದ ಮೊದಲ ದಿನಗಳಲ್ಲಿ ಕನ್ನಡಿಗರು ಬರೆದದ್ದೆಲ್ಲ ಎಲ್ಲಿ ಹೋಯಿತು ಎಂದು ಕೇಳುವ ಲೇಖನ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿತ್ತು. ಕೇಳಬೇಕಾದ ಪ್ರಶ್ನೆ, ಯಾರಾದರೂ ಕೇಳಿದರಲ್ಲ ಎಂದು ಸಂತೋಷವಾಯಿತು. ಆದರೆ ಯೂಸ್‌ನೆಟ್ ಸರ್ವರ್ ನೋಡಿಕೊಳ್ಳುತ್ತಿದ್ದವರ ಅಲಕ್ಷ್ಯದಿಂದ ಆ ಬರಹ ನಾಶವಾಯಿತು ಎಂಬ ಕೊನೆಯ ಮಾತನ್ನು ನಾನು ಒಪ್ಪಲಾರೆ. ತೊಂಬತ್ತರ ದಶಕದಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಅಂಥದೊಂದು ಸರ್ವರ್‌ನ ಹೊಣೆ ನನ್ನದಾಗಿತ್ತು. ಅವಧಿ ಮುಗಿದ ಲೇಖನಗಳನ್ನು ರಾತ್ರಿ ರಾತ್ರಿ ಅಳಿಸುವುದು ಆ ಹೊಣೆಯ ದೊಡ್ಡ ಪಾಲು. ಅದನ್ನು ನಾವು ಶ್ರದ್ಧೆಯಿಂದ ಮಾಡಿದೆವು.

ಇಂದಿನ ಓದುಗರಿಗೆ ಯೂಸ್‌ನೆಟ್ ಎಂದರೇನೆಂದು ಸ್ವಲ್ಪ ಹೇಳಬೇಕು. ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ಯೋಚಿಸಿದ ಏರ್ಪಾಡು ಅದು. ಒಡೆಯನಿಲ್ಲ, ಕೇಂದ್ರವಿಲ್ಲ, ವಿಷಯಕ್ಕೊಂದು ಚರ್ಚೆಯ ಗುಂಪು. ನಾನು ಒಂದು ಲೇಖನ ಬರೆದರೆ ಅದು ನನ್ನ ಸರ್ವರ್‌ನಿಂದ ಪಕ್ಕದ ಸರ್ವರ್‌ಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ನಕಲಾಗುತ್ತಾ ಜಗತ್ತು ಸುತ್ತುತ್ತಿತ್ತು. ಹಾಗಾಗಿ ಎಲ್ಲರ ಮಾತೂ ಎಲ್ಲರ ಡಿಸ್ಕಿನಲ್ಲೂ ಬಂದು ಕೂರುತ್ತಿತ್ತು. ಎಷ್ಟು ದಿನ ಕೂರಬೇಕು ಎಂಬುದನ್ನು ಆಯಾ ಸರ್ವರ್‌ನವರೇ ತೀರ್ಮಾನಿಸಬೇಕಿತ್ತು.

ನಾವು ಬಳಸುತ್ತಿದ್ದುದು ರಿಚ್ ಸಾಲ್ಜ್ ಬರೆದ ಐಎನ್‌ಎನ್ ಎಂಬ ತಂತ್ರಾಂಶ. ಅದರಲ್ಲಿ ಒಂದೊಂದು ಲೇಖನವೂ ಒಂದೊಂದು ಫೈಲು, ಗುಂಪಿನ ಹೆಸರಿನ ಡೈರೆಕ್ಟರಿಯೊಳಗೆ ಒಂದು ಸಂಖ್ಯೆ. ಒಂದೇ ಲೇಖನವನ್ನು ಮೂರು ಗುಂಪಿಗೆ ಹಾಕಿದ್ದರೆ ಮೂರು ಕಡೆಯೂ ಅದೇ ಫೈಲಿನ ಕೊಂಡಿ. ಮೂರನ್ನೂ ತೆಗೆದ ಮೇಲೆಯೇ ಜಾಗ ಖಾಲಿ. ಡಿಸ್ಕಿನಲ್ಲಿ ಜಾಗ ಉಳಿದಿದ್ದರೂ ಐನೋಡ್, ಅಂದರೆ ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ನಮೂದು, ತೀರಿಹೋಗುವುದುಂಟು, ಏಕೆಂದರೆ ಲಕ್ಷಾಂತರ ಚಿಕ್ಕ ಚಿಕ್ಕ ಫೈಲುಗಳು. ತೀರಿತೆಂದರೆ ಸರ್ವರ್ ತನ್ನನ್ನು ತಾನೇ ತಡೆದುಕೊಂಡು ಹೊಸ ಲೇಖನ ಸ್ವೀಕರಿಸುವುದನ್ನೇ ನಿಲ್ಲಿಸುತ್ತಿತ್ತು. ಊರಿನ ಸುದ್ದಿಗಾಗಿ ಬೆಳಿಗ್ಗೆ ಬಂದು ಟರ್ಮಿನಲ್ ಮುಂದೆ ಕೂರುವ ವಿದ್ಯಾರ್ಥಿಗಳಿಗೆ ಆಗ ಏನೂ ಇಲ್ಲ. ನಿನ್ನೆಯದನ್ನು ಅಳಿಸದೆ ಇಂದಿನದನ್ನು ತರಲು ಸಾಧ್ಯವೇ ಇರಲಿಲ್ಲ.

ಅಳಿಸುವ ನಿಯಮ ಗುಟ್ಟಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಎಕ್ಸ್‌ಪೈರ್ ಡಾಟ್ ಸಿಟಿಎಲ್ ಎಂಬ ಒಂದು ಸಾದಾ ಫೈಲಿನಲ್ಲಿ ಗುಂಪಿನ ಹೆಸರು, ಅದರ ಮುಂದೆ ಮೂರು ಅಂಕಿ ಇರುತ್ತಿದ್ದವು. ಕನಿಷ್ಠ ಎಷ್ಟು ದಿನ ಇಡಬೇಕು, ಬರೆದವರು ಏನೂ ಹೇಳದಿದ್ದರೆ ಎಷ್ಟು ದಿನ, ಬರೆದವರು ಎಷ್ಟೇ ಕೇಳಿದರೂ ಗರಿಷ್ಠ ಎಷ್ಟು ದಿನ. ಬರೆದವರಿಗೂ ಇದರಲ್ಲಿ ಒಂದು ಮಾತು ಇತ್ತು. ಲೇಖನದ ತಲೆಬರಹದಲ್ಲಿ, ಅಂದರೆ ಬರೆದವರ ಹೆಸರು, ದಿನಾಂಕ ಮುಂತಾದವು ಇರುವ ಮೇಲಿನ ಸಾಲುಗಳಲ್ಲಿ, ಎಕ್ಸ್‌ಪೈರ್ಸ್ ಎಂಬ ಸಾಲು ಸೇರಿಸಿ ತಮ್ಮ ಬರಹ ಯಾವ ತಾರೀಕಿನವರೆಗೆ ಬೇಕೆಂದು ಕೋರಬಹುದಿತ್ತು. ತಿಂಗಳಿಗೊಮ್ಮೆ ಬರುವ ಪ್ರಶ್ನೋತ್ತರ ಪಟ್ಟಿಗಳನ್ನು ಮುಂದಿನದು ಬರುವ ತನಕ ಉಳಿಸಲು ಇದು ಬಹಳ ಉಪಯೋಗ. ಹತ್ತು ವರ್ಷ ಇಡಿ ಎಂದು ಬರೆಯುವವರೂ ಇದ್ದರು. ಅವರಿಗಾಗಿಯೇ ಆ ಮೂರನೆಯ ಅಂಕಿ.

ಇನ್ನು ಅಳಿಸುವ ಕೆಲಸ. ಲೇಖನದ ಫೈಲನ್ನು ತೆಗೆದರೆ ಮುಗಿಯಿತು ಎಂದುಕೊಂಡವರು ಈ ಕೆಲಸ ಮಾಡಿದವರಲ್ಲ. ಪ್ರತಿ ಲೇಖನದ ಬಗ್ಗೆ ಇನ್ನೂ ಎರಡು ಕಡೆ ನಮೂದು ಇರುತ್ತಿತ್ತು. ಒಂದು ಓವರ್‌ವ್ಯೂ, ಅಂದರೆ ವಿಷಯ, ಬರೆದವರು, ದಿನಾಂಕ, ಯಾವುದಕ್ಕೆ ಉತ್ತರ ಎಂಬ ವಿವರಗಳ ಸೂಚಿ. ಓದುಗರ ಪರದೆಯ ಮೇಲೆ ಬರುವ ಪಟ್ಟಿ ಇದರಿಂದಲೇ ಬರುವುದು. ಲೇಖನ ತೆಗೆದು ಸೂಚಿಯ ಸಾಲನ್ನು ಹಾಗೇ ಬಿಟ್ಟರೆ ಓದುಗರಿಗೆ ಶೀರ್ಷಿಕೆ ಕಾಣುತ್ತದೆ, ತೆರೆದರೆ ಅಂಥ ಲೇಖನ ಇಲ್ಲ ಎಂಬ ಉತ್ತರ. ಊರಿನ ಸಾವುನೋವಿನ ಸುದ್ದಿಯ ಶೀರ್ಷಿಕೆ ಕಂಡು ಒಳಗೇನಿದೆ ಎಂದು ತಿಳಿಯದೆ ಕಂಗಾಲಾದವರನ್ನು ನೋಡಿದ್ದೇನೆ. ಅದಕ್ಕೇ ಎಕ್ಸ್‌ಪೈರ್‌ಓವರ್ ಎಂಬ ಪ್ರೋಗ್ರಾಂ ಸೂಚಿಯನ್ನು ಒಂದೊಂದೇ ಗುಂಪಾಗಿ ಶೋಧಿಸಿ, ಲೇಖನವಿಲ್ಲದ ಸಾಲುಗಳನ್ನು ಕಿತ್ತು, ಆ ಗುಂಪಿನಲ್ಲಿ ಈಗ ಉಳಿದಿರುವ ಅತಿ ಚಿಕ್ಕ ಸಂಖ್ಯೆ ಯಾವುದೆಂದು ತಿದ್ದಲು ನೆರವಾಗುತ್ತಿತ್ತು. ಮುಂದೆ ಸಿಎನ್‌ಎಫ್‌ಎಸ್ ಎಂಬ ಸುತ್ತುವ ಸಂಗ್ರಹ ಬಂದು, ಹೊಸದು ಹಳೆಯದರ ಮೇಲೆ ತಾನಾಗಿಯೇ ಬರೆದುಕೊಳ್ಳತೊಡಗಿದಾಗಲೂ ಸೂಚಿ ಶುದ್ಧಿಯ ಕೆಲಸ ತಪ್ಪಲಿಲ್ಲ.

ಎರಡನೆಯದು ಹಿಸ್ಟರಿ ಫೈಲು. ನಮ್ಮ ಸರ್ಕಾರಿ ಕಚೇರಿಗಳ ಆವಕ ವಹಿಯಂತೆ, ಬಂದ ಪ್ರತಿ ಲೇಖನದ ಗುರುತು ಅದರಲ್ಲಿ. ಲೇಖನ ಹೋದ ಕೂಡಲೇ ಇದರ ನಮೂದನ್ನೂ ಅಳಿಸಿದರೆ ಏನಾಗುತ್ತದೆ? ಪಕ್ಕದ ಸರ್ವರ್ ಅದೇ ಲೇಖನವನ್ನು ಮತ್ತೆ ನೀಡಬಂದಾಗ ನಮ್ಮ ಸರ್ವರ್ ಅದನ್ನು ಹೊಸದೆಂದು ತಿಳಿದು ಸ್ವೀಕರಿಸುತ್ತದೆ, ಇತರರಿಗೂ ಹಂಚುತ್ತದೆ. ಸತ್ತ ಜಗಳಗಳು ಮತ್ತೆ ಏಳುತ್ತವೆ. ಆದ್ದರಿಂದ ಲೇಖನ ಹೋದ ಮೇಲೂ ಅದು ಬಂದಿತ್ತು ಎಂಬ ನೆನಪನ್ನು ಕೆಲವು ದಿನ ಉಳಿಸಬೇಕು. ನಿಯಮದ ಫೈಲಿನಲ್ಲಿ ರಿಮೆಂಬರ್ ಎಂದೇ ಒಂದು ಸಾಲಿದೆ. ಐಎನ್‌ಎನ್‌ನ ಈಗಿನ ಆವೃತ್ತಿಗಳಲ್ಲಿ ಅದರ ಮುಂದೆ 11 ಎಂದಿರುತ್ತದೆ. 10 ದಿನಕ್ಕಿಂತ ಹಳೆಯ ಲೇಖನವನ್ನು ಸರ್ವರ್ ಹೇಗೂ ತೆಗೆದುಕೊಳ್ಳುವುದಿಲ್ಲ, ಅದಕ್ಕೊಂದು ದಿನ ಸೇರಿಸಿ 11. ನನಗೆ ಈ ತಂತ್ರಾಂಶದಲ್ಲಿ ಎಲ್ಲಕ್ಕಿಂತ ಹೆಚ್ಚು ಗೌರವ ಹುಟ್ಟಿಸಿದ್ದು ಈ ಸಾಲು. ಏನನ್ನು ಕಳೆದುಕೊಂಡೆವು ಎಂಬುದನ್ನು ನೆನಪಿಡದೆ ಅಳಿಸಬಾರದು ಎಂದು ಅದನ್ನು ಬರೆದವರಿಗೆ ತಿಳಿದಿತ್ತು.

ಹಾಗಾದರೆ ಕನ್ನಡದ ಬರಹ? ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂಬ ಗುಂಪಿತ್ತು. ಆಗ ಪರದೆಯ ಮೇಲೆ ಕನ್ನಡ ಲಿಪಿ ಇಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ, ಳ ಮತ್ತು ಣ ಬೇಕಾದಾಗ ದೊಡ್ಡಕ್ಷರ. ಕಾವೇರಿ ನೀರಿನಿಂದ ಹಿಡಿದು ಬಿಸಿಬೇಳೆಬಾತ್ ಪುಡಿಯವರೆಗೆ ಮಾತು. ಇದನ್ನು ನಮ್ಮ ಸರ್ವರ್‌ನಲ್ಲಿ ಬೇರೆ ಗುಂಪುಗಳಿಗಿಂತ ಹೆಚ್ಚು ದಿನ ಇಡುವಂತೆ ಒಂದು ಸಾಲು ಸೇರಿಸಿದ್ದೆ, ಮೇಲಿನವರ ಒಪ್ಪಿಗೆ ಪಡೆದೇ. ಆದರೂ ಅದು ವಾರಗಳ ಲೆಕ್ಕ, ವರ್ಷಗಳದಲ್ಲ. ಸರ್ವರ್‌ನ ಕೆಲಸ ಹಂಚುವುದು. ಕಾಪಿಡುವುದು ಬೇರೆ ಕೆಲಸ, ಅದಕ್ಕೆ ಬೇರೆ ಜನ ಬೇಕು, ಬೇರೆ ಹಣ ಬೇಕು.

ಹಾಗೆ ಕಾಪಿಟ್ಟವರೂ ಇದ್ದರು. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹೆನ್ರಿ ಸ್ಪೆನ್ಸರ್ 1981ರಿಂದ 1991ರವರೆಗೆ ಬಂದದ್ದನ್ನು ಅಳಿಸುವ ಮುನ್ನ ಮ್ಯಾಗ್ನೆಟಿಕ್ ಟೇಪಿಗೆ ಇಳಿಸಿದರು. 141 ಟೇಪು, ಸುಮಾರು 20 ಲಕ್ಷ ಲೇಖನ. 1995ರಿಂದ ಡೆಜಾ ನ್ಯೂಸ್ ಎಂಬ ಜಾಲತಾಣ ಯೂಸ್‌ನೆಟ್ ಲೇಖನಗಳನ್ನು ಸಂಗ್ರಹಿಸತೊಡಗಿತು. ಗೂಗಲ್ ಅದನ್ನು 2001ರಲ್ಲಿ ಕೊಂಡು, ಅದೇ ವರ್ಷದ ಕೊನೆಗೆ ಟೊರಾಂಟೊದ ಟೇಪಿನಲ್ಲಿದ್ದುದನ್ನೂ ಸೇರಿಸಿ ತೆರೆದಿಟ್ಟಿತು. 2024ರ ಫೆಬ್ರುವರಿ 22ರಿಂದ ಗೂಗಲ್ ಗ್ರೂಪ್ಸ್ ಹೊಸ ಯೂಸ್‌ನೆಟ್ ಲೇಖನ ಸ್ವೀಕರಿಸುವುದನ್ನು ನಿಲ್ಲಿಸಿದೆ. ಹಳೆಯದನ್ನು ನೋಡಲು ಬಿಟ್ಟಿದೆ. ಈ ವರ್ಷಗಳನ್ನು ಗಮನಿಸಿ: ಟೊರಾಂಟೊ ಟೇಪು 1991ಕ್ಕೆ ಮುಗಿಯುತ್ತದೆ, ಡೆಜಾ 1995ಕ್ಕೆ ಶುರು. ಹೊರನಾಡ ಕನ್ನಡಿಗರು ಜಾಲದಲ್ಲಿ ಒಬ್ಬರನ್ನೊಬ್ಬರು ಕಂಡುಕೊಳ್ಳುತ್ತಿದ್ದ ಕಾಲ ಈ ನಡುವಿನದು. ನಿಮ್ಮ ಲೇಖಕರು ಹುಡುಕಬೇಕಾದದ್ದು ಈ ಬಿರುಕಿನಲ್ಲಿ.

ದೂರುವುದಾದರೆ ಇಂದಿನದನ್ನು ದೂರಬೇಕು. ಕನ್ನಡದ ಎಷ್ಟೋ ಜಾಲಪತ್ರಿಕೆಗಳು ಒಂದು ದಿನ ಕಾಣೆಯಾಗುತ್ತವೆ. ಎಷ್ಟು ಕಾಲ ಇಡುತ್ತೇವೆ ಎಂದು ಮೊದಲು ಹೇಳಿರುವುದಿಲ್ಲ, ತೆಗೆದ ಮೇಲೆ ಏನು ತೆಗೆದೆವು ಎಂಬ ಪಟ್ಟಿಯೂ ಇಲ್ಲ. ಹುಡುಕು ಯಂತ್ರದಲ್ಲಿ ಶೀರ್ಷಿಕೆ ಬರುತ್ತದೆ, ಒತ್ತಿದರೆ 404, ಅಂದರೆ ಪುಟ ಸಿಗಲಿಲ್ಲ ಎಂಬ ಸಂಕೇತ. ಇಲ್ಲಿ ಇತ್ತು, ಬೇಕೆಂದೇ ತೆಗೆದಿದ್ದೇವೆ ಎಂದು ಹೇಳಲು 410 ಎಂಬ ಬೇರೆ ಸಂಕೇತವೇ ವೆಬ್‌ನಲ್ಲಿದೆ. ಅದನ್ನು ಬಳಸಲು ಖರ್ಚೇನೂ ಇಲ್ಲ. ಕನ್ನಡ ಬರಹ ಪ್ರಕಟಿಸುವ ಪ್ರತಿ ತಾಣವೂ, ನಿಮ್ಮ ಪತ್ರಿಕೆಯ ತಾಣವೂ ಸೇರಿ, ಉಳಿಸುವ ಅವಧಿಯನ್ನು ಎಲ್ಲರಿಗೂ ಕಾಣುವಂತೆ ಬರೆದಿಡಲಿ. ತೆಗೆದುಹಾಕುವ ಮುನ್ನ ಬರೆದವರಿಗೆ ತಿಳಿಸಲಿ, ತೆಗೆದ ಮೇಲೆ ಶೀರ್ಷಿಕೆ, ಲೇಖಕರ ಹೆಸರು, ದಿನಾಂಕ ಇರುವ ಪಟ್ಟಿಯನ್ನಾದರೂ ಉಳಿಸಲಿ.

ನಿಮ್ಮ ಓದುಗರಲ್ಲಿ 1991ರಿಂದ 1995ರ ನಡುವೆ ವಿದೇಶದಲ್ಲಿ ಓದಿದವರು ಅನೇಕರಿದ್ದಾರೆ. ಆ ಗುಂಪಿನ ಲೇಖನಗಳನ್ನು ತಮ್ಮ ಖಾತೆಗೆ ಉಳಿಸಿಕೊಂಡು ಫ್ಲಾಪಿಗೋ ಟೇಪಿಗೋ ಹಾಕಿಕೊಂಡವರು ಇದ್ದೇ ಇರುತ್ತಾರೆ. ದಯವಿಟ್ಟು ಅದನ್ನು ಎಸೆಯಬೇಡಿ. ಕಾಂತೀಯ ಮಾಧ್ಯಮ ವರ್ಷ ಕಳೆದಂತೆ ಹಾಳಾಗುತ್ತದೆ, ಓದುವ ಯಂತ್ರಗಳೂ ಅಪರೂಪವಾಗುತ್ತಿವೆ, ಆದ್ದರಿಂದ ಮೊದಲು ನಕಲು ತೆಗೆಯಿಸಿ. ಬಹಿರಂಗಪಡಿಸುವ ಮುನ್ನ ತಲೆಬರಹದಲ್ಲಿ ಎಕ್ಸ್-ನೋ-ಆರ್ಕೈವ್ ಎಂಬ ಸಾಲಿದೆಯೇ ನೋಡಿ. ಇದ್ದರೆ, ತನ್ನ ಮಾತು ಸಂಗ್ರಹಕ್ಕೆ ಸೇರುವುದು ಬೇಡವೆಂದು ಬರೆದವರೇ ಕೋರಿದ್ದಾರೆ ಎಂದರ್ಥ. ಅಂಥದನ್ನು ಬೇರೆ ತೆಗೆದಿಡಿ.

ಇತಿ,
ನಿವೃತ್ತ ಸಿಸ್ಟಂ ಅಡ್ಮಿನಿಸ್ಟ್ರೇಟರ್,
ಕುವೆಂಪುನಗರ, ಮೈಸೂರು