ಮಗಳಿಗೊಂದು ಪತ್ರ: ಒಗ್ಗರಣೆ ಒಂದೇ ಬಾಕಿ ಇರಲಿ

ಪುಟ್ಟೀ,

ನಿನ್ನೆ ರಾತ್ರಿ ಒಂಬತ್ತೂವರೆಗೆ ಊಟ ಆಯ್ತೇನೇ ಅಂತ ಕೇಳಿದ್ದಕ್ಕೆ "ಬ್ರೆಡ್ ತಿಂದೆ ಅಮ್ಮಾ, ಸಾಕು" ಅಂದುಬಿಟ್ಟೆಯಲ್ಲ, ಆಮೇಲೆ ನನಗೆ ನಿದ್ದೆಯೇ ಸರಿಯಾಗಿ ಬರಲಿಲ್ಲ. ಈ ವಾರ ಇದು ಮೂರನೇ ಸಲ. ಫೋನಲ್ಲಿ ಹೇಳಿದರೆ "ಹ್ಞೂಂ ಹ್ಞೂಂ" ಅಂತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಅಡುಗೆ ಬರುವುದಿಲ್ಲ ಅಂತಲ್ಲ ಕಣೇ. ದೀಪಾವಳಿಗೆ ಬಂದಾಗ ನೀನು ಮಾಡಿದ ಹುಳಿಯನ್ನು ಅಪ್ಪ ಎರಡೆರಡು ಸಲ ಹಾಕಿಸಿಕೊಂಡರು. ಆದರೆ ರಾತ್ರಿ ಎಂಟಕ್ಕೆ ಆಫೀಸಿಂದ ಬಂದವಳಿಗೆ ಬೇಳೆ ತೊಳೆದು, ಕುಕ್ಕರ್ ಇಟ್ಟು, ಕಾಯಿ ತುರಿದು, ಮಸಾಲೆ ರುಬ್ಬಿ, ಆಮೇಲೆ ಮಿಕ್ಸಿ ತೊಳೆಯುವಷ್ಟು ಶಕ್ತಿ ಎಲ್ಲಿರುತ್ತದೆ ಹೇಳು. ಒಗ್ಗರಣೆ ಹಾಕುವಷ್ಟು ಇರುತ್ತದೆ. ಹಾಗಾದರೆ ಒಗ್ಗರಣೆಗೆ ಮುಂಚಿನ ಕೆಲಸವನ್ನೆಲ್ಲ ಭಾನುವಾರವೇ ಮುಗಿಸಿ ಫ್ರೀಜರ್‌ಗೆ ಹಾಕಿಡು. ನಾನು ಶಾಲೆಯ ಕೆಲಸಕ್ಕೆ ಹೋಗುತ್ತಿದ್ದಾಗ ಮಾಡುತ್ತಿದ್ದದ್ದೂ ಇಷ್ಟೇ. ಪೂರ್ತಿ ಅಡುಗೆ ಮಾಡಿ ಇಡುವುದಕ್ಕಿಂತ ಇದು ಒಳ್ಳೆಯದು. ಸಾಸಿವೆ, ಇಂಗು, ಕರಿಬೇವು ಆಗಷ್ಟೇ ಚಟಪಟ ಅಂದರೆ ಹತ್ತು ದಿನದ ಹಿಂದಿನ ಬೇಳೆಗೂ ಇವತ್ತಿನ ಘಮ ಬರುತ್ತದೆ.

ಮೊದಲ ಭಾನುವಾರ ಎರಡೇ ಎರಡು ಮಾಡು, ಬೇಳೆ ಮತ್ತು ಮಸಾಲೆ. ಒಂದೇ ದಿನ ಹತ್ತು ಬಗೆ ಮಾಡಲು ಹೋದರೆ ಸುಸ್ತಾಗಿ ಮುಂದಿನ ವಾರ ಅದರ ಸುದ್ದಿಗೇ ಹೋಗುವುದಿಲ್ಲ ನೀನು.

ಒಂದು ಪಾವು ತೊಗರಿಬೇಳೆ ತೊಳೆದು, ಅರಿಶಿನ, ಒಂದು ತೊಟ್ಟು ಎಣ್ಣೆ ಹಾಕಿ ಮೆತ್ತಗೆ ಬೇಯಿಸು. ನಿನ್ನೊಬ್ಬಳಿಗೆ ಅದು ಐದು ಊಟದ ಬೇಳೆ. ಕುಕ್ಕರ್‌ನಲ್ಲೇ ಬಿಟ್ಟರೆ ಎಷ್ಟು ಹೊತ್ತಾದರೂ ಆರುವುದಿಲ್ಲ. ಅಗಲ ಪಾತ್ರೆಗೆ ಸುರಿದು, ಆ ಪಾತ್ರೆಯನ್ನು ತಣ್ಣೀರಿನ ಬೇಸಿನ್‌ನಲ್ಲಿಟ್ಟು ಆಗಾಗ ಕೈಯಾಡಿಸು, ಅರ್ಧ ಗಂಟೆಯಲ್ಲಿ ಆರುತ್ತದೆ. ಬೇಯಿಸಿದ್ದು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು. ಆರಿದ ಮೇಲೆ ಐದು ಜಿಪ್ ಕವರ್‌ಗೆ ಹಂಚಿ, ಗಾಳಿ ತೆಗೆದು, ಹೋಳಿಗೆ ತಟ್ಟಿದ ಹಾಗೆ ತೆಳ್ಳಗೆ ಮಾಡಿ ಮಲಗಿಸಿಡು. ತೆಳ್ಳಗಿದ್ದರೆ ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ, ನಿನ್ನ ಆ ಪುಟ್ಟ ಫ್ರೀಜರ್‌ನಲ್ಲಿ ಒಂದರ ಮೇಲೊಂದು ಪೇರಿಸಲೂ ಬರುತ್ತದೆ. ತಾರೀಕನ್ನು ಕವರ್ ಖಾಲಿ ಇರುವಾಗಲೇ ಬರೆದುಬಿಡು. ತಣ್ಣಗಾಗಿ ಬೆವರಿದ ಮೇಲೆ ಪೆನ್ನು ಹತ್ತುವುದಿಲ್ಲ.

ಮಸಾಲೆಗೆ ಕಾಯಿತುರಿ, ಇಲ್ಲಿಂದ ತೆಗೆದುಕೊಂಡು ಹೋದ ಹುಳಿಪುಡಿ, ಒಂದೆರಡು ಎಸಳು ಕೊತ್ತಂಬರಿ. ನೀರು ಕಮ್ಮಿ ಹಾಕಿ ಗಟ್ಟಿಯಾಗಿ ರುಬ್ಬು. ಐಸ್ ಟ್ರೇ ಗುಳಿಗಳಿಗೆ ತುಂಬಿ ರಾತ್ರಿಯಿಡೀ ಬಿಡು, ಬೆಳಿಗ್ಗೆ ಬಿಲ್ಲೆಗಳನ್ನು ತೆಗೆದು ಕವರ್‌ಗೆ ಹಾಕು. ಒಬ್ಬರ ಹುಳಿಗೆ ಎರಡು ಬಿಲ್ಲೆ ಸಾಕು. ಹುಣಸೆರಸವನ್ನೂ ಹೀಗೇ ಮಾಡಬಹುದು.

ಇನ್ನು ಬುಧವಾರ ರಾತ್ರಿ ಬಂದೆ ಅಂದುಕೋ. ತರಕಾರಿ ಹೆಚ್ಚಿ ಬೇಯಲಿಡು, ಇನ್ನೊಂದು ಒಲೆಯಲ್ಲಿ ಅನ್ನ. ಬೇಳೆ ಕವರನ್ನು ಬೆಳಿಗ್ಗೆಯೇ ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿದ್ದರೆ ಕರಗಿರುತ್ತದೆ. ಮರೆತಿದ್ದರೂ ಪರವಾಗಿಲ್ಲ, ಕವರನ್ನು ಒಂದು ನಿಮಿಷ ನಲ್ಲಿ ಕೆಳಗೆ ಹಿಡಿದು, ಬಿಟ್ಟುಕೊಂಡ ಬೇಳೆಯನ್ನು ಬೆಂದ ತರಕಾರಿಗೇ ಜಾರಿಸು. ಬಿಲ್ಲೆ ಹಾಕು, ಉಪ್ಪು, ಹುಳಿ. ಬರೀ ಬಿಸಿಯಾದರೆ ಸಾಲದು, ಮಳ್ಳೆ ಬಂದು ಚೆನ್ನಾಗಿ ಕುದಿಯಬೇಕು. ಆಮೇಲೆ ಒಗ್ಗರಣೆ. ಅನ್ನ ಆಗುವಷ್ಟರಲ್ಲಿ ಹುಳಿ ಆಗಿರುತ್ತದೆ. ಕರಗಿದ್ದು ಉಳಿದರೆ ಮಾತ್ರ ವಾಪಸ್ ಫ್ರೀಜರ್‌ಗೆ ಹಾಕಬೇಡ.

ಫ್ರೀಜರ್ ಅಂದರೆ -18 ಡಿಗ್ರಿ ಇರಬೇಕು. ಆ ಚಳಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ, ಕರಗಿದ ತಕ್ಷಣ ಮತ್ತೆ ಶುರು ಮಾಡುತ್ತವೆ. ನಿನ್ನ ಬಾಡಿಗೆ ಮನೆಯದು ಒಂಟಿ ಬಾಗಿಲಿನ ಫ್ರಿಜ್, ಒಳಗಿನ ಐಸ್ ಪೆಟ್ಟಿಗೆ ಯಾವಾಗಲೂ ಅಷ್ಟು ತಣ್ಣಗಿರುತ್ತದೆ ಅಂತ ನಂಬಬೇಡ. ಎರಡು ವಾರದೊಳಗೆ ಎಲ್ಲ ಖಾಲಿ ಮಾಡು.

ಅನ್ನ ಮಾತ್ರ ಆಗಾಗಲೇ ಮಾಡಿಕೋ. ಅನ್ನದಲ್ಲಿ ಬೆಂದರೂ ಸಾಯದ ಒಂದು ಜಾತಿಯ ಬ್ಯಾಕ್ಟೀರಿಯಾ ಇರುತ್ತದೆ. ಹೊರಗೆ ತುಂಬಾ ಹೊತ್ತು ಬಿಟ್ಟರೆ ಅದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನೀನು ಬೆಳಗಿನ ಅನ್ನವನ್ನು ಕಟ್ಟೆ ಮೇಲೇ ಬಿಟ್ಟು ಹೋಗುವುದು ನನಗೆ ಗೊತ್ತು. ದಯವಿಟ್ಟು ಅದನ್ನು ನಿಲ್ಲಿಸು.

ಆಲೂಗಡ್ಡೆ ಹಾಕಿದ್ದು ಫ್ರೀಜರ್‌ಗೆ ಬೇಡ, ಹಿಟ್ಟು ಹಿಟ್ಟಾಗುತ್ತದೆ. ಮಜ್ಜಿಗೆ ಹುಳಿ ಒಡೆಯುತ್ತದೆ. ಮುದ್ದೆ ಬೇಡವೇ ಬೇಡ. ಇಡ್ಲಿ ಚೆನ್ನಾಗಿರುತ್ತದೆ, ಮತ್ತೆ ಹಬೆಯಲ್ಲಿಟ್ಟರೆ ಮೆತ್ತಗಾಗುತ್ತದೆ. ಚಪಾತಿಯನ್ನು ಅರ್ಧ ಬೇಯಿಸಿ, ಆರಿಸಿ, ನಡುವೆ ಬಟರ್ ಪೇಪರ್ ಇಟ್ಟು ಜೋಡಿಸು. ಬೇಯಿಸಿದ ಕಡಲೆಕಾಳು, ಅಲಸಂದೆಕಾಳು ತುಂಬಾ ಉಪಯೋಗಕ್ಕೆ ಬರುತ್ತವೆ.

ಇನ್ನೊಂದು. ನೀನು ಎರಡನೇ ಕ್ಲಾಸಲ್ಲಿದ್ದಾಗ ಟೊಮೇಟೊ ಸಾರನ್ನು ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿ ಫ್ರೀಜರ್‌ಗೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಬಾಟಲಿ ಉದ್ದಕ್ಕೆ ಸೀಳಿತ್ತು, ಕೆಂಪು ಐಸಿನ ಒಳಗೆ ಗಾಜಿನ ಚೂರು. ನಿನ್ನ ತಟ್ಟೆಗೆ ಬಡಿಸಿದ್ದರೆ ಏನು ಗತಿ ಅಂತ ಕೈ ನಡುಗಿ, ಆ ಅರೆಯಲ್ಲಿದ್ದುದನ್ನೆಲ್ಲ ಚೆಲ್ಲಿದೆ. ನೀರು ಗಟ್ಟಿಯಾಗುವಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಡಬ್ಬಿ ಯಾವುದೇ ಇರಲಿ, ಮೇಲೆ ಒಂದು ಬೆರಳಿನಷ್ಟು ಜಾಗ ಬಿಡು. ಗಾಜು ಬೇಡ.

"ಫ್ರೀಜರ್‌ನಲ್ಲಿಟ್ಟದ್ದು ತಂಗಳಲ್ವಾ ಅಮ್ಮಾ" ಅಂತ ನೀನು ಒಮ್ಮೆ ಕೇಳಿದ್ದೆ. ನಿನ್ನ ಅಜ್ಜಿ ಬೇಯಿಸಿದ್ದನ್ನು ಫ್ರಿಜ್‌ಗೆ ಸೇರಿಸುತ್ತಲೇ ಇರಲಿಲ್ಲ, ಅದು ನಿಜ. ಆದರೆ ಅವರ ಅಡುಗೆಮನೆಯಲ್ಲಿ ಮೂರು ಜನ ಹೆಂಗಸರು ಇಡೀ ದಿನ ಇರುತ್ತಿದ್ದರು. ನಿನ್ನ ಅಡುಗೆಮನೆಯಲ್ಲಿ ನೀನೊಬ್ಬಳೇ, ಅದೂ ರಾತ್ರಿ ಎಂಟರ ಮೇಲೆ. ಬ್ರೆಡ್ಡಿಗಿಂತ ಭಾನುವಾರದ ಬೇಳೆಯ ಹುಳಿ ಎಷ್ಟೋ ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಹಾಸನದಲ್ಲಿ ಈಗ ಅವರೆ ಶುರುವಾಗಿದೆ. ಮೊನ್ನೆ ಅಪ್ಪ ಎರಡು ಕೆಜಿ ಸೊಗಡಿನ ಕಾಯಿ ತಂದರು. ಸುಲಿದು, ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಇಬ್ಬರೂ ಕೂತು ಹಿತುಕಿದೆವು. ಅಪ್ಪನ ಬೆರಳಿಂದ ಬೇಳೆ ಪುಳಕ್ ಅಂತ ಹಾರಿ ಸೋಫಾ ಕೆಳಗೆ ಹೋಗುತ್ತಿತ್ತು, ನೀನು ಚಿಕ್ಕವಳಿದ್ದಾಗ ತೆವಳಿಕೊಂಡು ಹೋಗಿ ಹೆಕ್ಕಿ ತರುತ್ತಿದ್ದೆ. ಹಿತುಕಿದ್ದನ್ನು ಕುದಿಯುವ ನೀರಲ್ಲಿ ಎರಡು ನಿಮಿಷ ಮುಳುಗಿಸಿ, ತಕ್ಷಣ ತಣ್ಣೀರಿಗೆ ಹಾಕಿ, ಬಟ್ಟೆ ಮೇಲೆ ಒಣಗಿಸಿದೆ. ಹೀಗೆ ಮಾಡಿದರೆ ಬಣ್ಣ, ರುಚಿ ಎರಡೂ ಉಳಿಯುತ್ತವೆ. ಆಮೇಲೆ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ಫ್ರೀಜರ್‌ಗಿಟ್ಟೆ, ಗಟ್ಟಿಯಾದ ಮೇಲೆ ಕವರ್‌ಗೆ. ಕಲ್ಲುಸಕ್ಕರೆ ಹಾಗೆ ಬಿಡಿ ಬಿಡಿಯಾಗಿ ಇದೆ.

ನೀನು ಯುಗಾದಿಗೆ ಬರುವಷ್ಟರಲ್ಲಿ ಅವರೆ ಮುಗಿದಿರುತ್ತದೆ. ಒಂದು ಕವರ್ ಮೇಲೆ ನಿನ್ನ ಹೆಸರು ಬರೆದಿಟ್ಟಿದ್ದೇನೆ. ಈ ಭಾನುವಾರ ಬೇಳೆ ಬೇಯಿಸಿ ಆರಲು ಇಟ್ಟಾಗ ಒಂದು ಫೋಟೋ ಕಳಿಸು.

ನಿನ್ನ,
ಅಮ್ಮ